ಓಬವ್ವನ ಒಲೆ

ಹೊನ್ನಾಳಿಯ ಮಹೇಶ್ವರಪ್ಪನವರು ನಮ್ಮ ರೊಟ್ಟಿ ಕೇಂದ್ರ ನೋಡಲು ಬರುತ್ತಾರೆಂದು ಫೋನ್ ಬಂದ ಬೆಳಿಗ್ಗೆಯೇ ನಾನು ಓಬವ್ವನನ್ನು ಒಲೆಯ ಮುಂದಿನಿಂದ ಎಬ್ಬಿಸಿದೆ. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಸುತ್ತಿ ಬಳಸಿ ಇನ್ನೊಬ್ಬರ ಮೇಲೆ ಹಾಕುವ ಚಾಳಿ ನನಗಿದೆ.

ಬಸವಾಪಟ್ಟಣದಲ್ಲಿ ಕೇಂದ್ರ ಶುರುವಾಗಿ ಮೂರು ವರ್ಷ. ಅಡಿಕೆ ಸುಲಿಯುವ ಹಂಗಾಮು ಮುಗಿದರೆ ನಮ್ಮೂರ ಹೆಂಗಸರಿಗೆ ಕೆಲಸವಿರುವುದಿಲ್ಲ. ವರ್ಷವಿಡೀ ದುಡಿಮೆ ಇರಲಿ, ಬಂದ ಲಾಭ ದುಡಿದವರಲ್ಲೇ ಹಂಚಿಹೋಗಲಿ ಎಂದು ಎಂಟು ಜನ ಸೇರಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡತೊಡಗಿದೆವು. ನಾವು ಆರು ಜನ ಲಿಂಗಾಯತರು. ಓಬವ್ವ, ಅವರ ಸೊಸೆ ಅಂಬಿಕಾ ದಲಿತರ ಕೇರಿಯವರು. ಅಂಬಿಕಾ ಪ್ಯಾಕಿಂಗ್ ನೋಡಿಕೊಂಡರೆ ಓಬವ್ವ ಎಲ್ಲರ ಜೊತೆ ಒಂದೇ ಸಾಲಿನಲ್ಲಿ ಕೂತು ರೊಟ್ಟಿ ತಟ್ಟುತ್ತಿದ್ದರು. ಚನ್ನಗಿರಿಯ ಸಭೆಗಳಲ್ಲಿ ಕೈಗೆ ಮೈಕ್ ಸಿಕ್ಕರೆ ನಾನು ಮೊದಲು ಹೇಳುತ್ತಿದ್ದದ್ದು ಆ ಸಾಲಿನ ಬಗ್ಗೆಯೇ. ಚಪ್ಪಾಳೆ ಬೀಳುತ್ತಿತ್ತು. ಅದು ನನಗೆ ಬಹಳ ಹಿಡಿಸುತ್ತಿತ್ತು.

ಮಹೇಶ್ವರಪ್ಪನವರದು ಹೊನ್ನಾಳಿಯಲ್ಲಿ ಕಲ್ಯಾಣಮಂಟಪ. ಅವರು ಒಪ್ಪಿದರೆ ಅಲ್ಲಿನ ಪ್ರತಿ ಮದುವೆಯೂಟಕ್ಕೂ ನಮ್ಮದೇ ರೊಟ್ಟಿ. ಒಪ್ಪದಿದ್ದರೆ ಮಳೆಗಾಲದಲ್ಲಿ ಕೇಂದ್ರದ ಬಾಗಿಲು ಹಾಕಬೇಕಿತ್ತು. ಆಗಲೇ ಹಳೆಯ ಗಿರಾಕಿಗಳಿಬ್ಬರು ಕಾರಣ ಹೇಳದೆ ಬಿಟ್ಟುಹೋಗಿದ್ದರು. ಕಾರಣ ನಾನೇ ಊಹಿಸಿಕೊಂಡಿದ್ದೆ.

"ಓಬವ್ವ, ಒಂದ್ ನಾಲ್ಕು ದಿನ ಪ್ಯಾಕಿಂಗ್ ಕಡೆ ಕೂತ್ಕಳ್ರಿ. ಅಲ್ಲಿ ಕೈ ಸಾಲ್ತಿಲ್ಲ" ಎಂದೆ.

ಅಲ್ಲಿ ಅಂಬಿಕಾ ಕೆಲಸವಿಲ್ಲದೆ ಕವರುಗಳನ್ನು ಮತ್ತೆ ಮತ್ತೆ ಜೋಡಿಸುತ್ತಿದ್ದುದು ಎಲ್ಲರಿಗೂ ಕಾಣುತ್ತಿತ್ತು. ಓಬವ್ವ ನನ್ನ ಮುಖ ನೋಡಿದರು. "ಆತು ಸಂಧ್ಯಕ್ಕ" ಎಂದು ಕಲಸಿದ ಹಿಟ್ಟನ್ನು ಪಕ್ಕದ ಸಿದ್ದಲಿಂಗಮ್ಮನ ಕಡೆ ಸರಿಸಿ ಎದ್ದರು.

ಎರಡು ದಿನ ಬಿಟ್ಟು ಮಹೇಶ್ವರಪ್ಪ ಬಂದರು. ಜೋಳ ನೋಡಲಿಲ್ಲ, ಹೆಂಚು ನೋಡಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದವರೇ ಕೇಳಿದರು: "ಸ್ಯಾಂಪಲ್ ಅಂತ ಕಳಿಸಿದ್ರಲ್ಲ, ಆ ರೊಟ್ಟಿ ತಟ್ಟಿದ್ದು ಯಾರಮ್ಮ? ನಮ್ಮವ್ವ ಹೋದ್ಮ್ಯಾಲೆ ಅಂಥ ರೊಟ್ಟಿ ತಿಂದಿರ್ಲಿಲ್ಲ. ಅವರನ್ನ ಒಂದ್ಸಲ ನೋಡಾಕೆ ಬಂದೀನಿ."

ತಟ್ಟುವ ಸದ್ದು ನಿಂತಿತು. ಆ ರೊಟ್ಟಿಗಳು ಓಬವ್ವನವು. ಅಷ್ಟು ತೆಳ್ಳಗೆ, ಅಂಚು ಬಿರಿಯದಂತೆ ತಟ್ಟುವವರು ನಮ್ಮಲ್ಲಿ ಬೇರೆ ಯಾರೂ ಇರಲಿಲ್ಲ. ಅವರು ಮೂರು ಮಾರು ದೂರದಲ್ಲಿ ಕವರಿಗೆ ಲೇಬಲ್ ಅಂಟಿಸುತ್ತಿದ್ದರು.

"ಇವರೇ ರೀ, ನಮ್ಮ ಸಿದ್ದಲಿಂಗಮ್ಮ" ಎಂದೆ.

ಮಹೇಶ್ವರಪ್ಪ ಬಗ್ಗಿ ಕೈಮುಗಿದರು. ಸಿದ್ದಲಿಂಗಮ್ಮ ನನ್ನ ಸೋದರತ್ತೆ, ಮಾತಿಗೆ ಎಂದೂ ಹಿಂದೆ ಬಿದ್ದವರಲ್ಲ. ಅವತ್ತು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ರೊಟ್ಟಿ ನಡುವೆಯೇ ಹರಿಯಿತು.

ಇಡೀ ಮದುವೆ ಸೀಸನ್ನಿನ ಆರ್ಡರ್ ಕೊಟ್ಟು, ಅಂಬಿಕಾ ತಂದುಕೊಟ್ಟ ನೀರು ಕುಡಿದು ಅವರು ಹೊರಟರು. ಯಾರು ಯಾವ ಕೇರಿಯವರೆಂದು ಒಂದು ಮಾತೂ ಕೇಳಲಿಲ್ಲ. ಗೊತ್ತಿದ್ದರೆ ಆ ನೀರು ಕುಡಿಯುತ್ತಿದ್ದರೋ ಇಲ್ಲವೋ, ನನಗೆ ಇವತ್ತಿಗೂ ತಿಳಿಯದು. ತಿಳಿಯುವ ಮೊದಲೇ ನಾನು ಅವರ ಪರವಾಗಿ ತೀರ್ಮಾನ ಮಾಡಿ ಮುಗಿಸಿದ್ದೆ.

"ನನ್ ಹೆಸ್ರು ಯಾಕ್ ಹೇಳ್ದೆ?" ಎಂದು ಅತ್ತೆ ಮಧ್ಯಾಹ್ನ ಹಿತ್ತಲಲ್ಲಿ ಹಿಡಿದು ಕೇಳಿದರು. "ನನ್ನ ಕೈಲಿ ಹಂಗೆ ತಟ್ಟಾಕೆ ಆಗಲ್ಲ ಅಂತ ನಿಂಗೊತ್ತೈತೆ. ಇನ್ನು ಆಕೆ ಮಖ ಹೆಂಗ್ ನೋಡ್ಲಿ ನಾನು?"

ನಾಚಿಕೆಯಿಂದ ರೇಗಿ, "ಎಂಟು ಮನೆ ಒಲೆ ಉರೀಬೇಕಲ್ಲ ಅತ್ತೆ" ಎಂದುಬಿಟ್ಟೆ.

ಮರುದಿನ ಬೆಳಿಗ್ಗೆ ಓಬವ್ವನ ಬಳಿ ಹೋಗಿ, "ಇವತ್ತಿಂದ ಮೊದಲಿನ ಜಾಗದಾಗೆ ಕೂತ್ಕಳ್ರಿ" ಎಂದೆ. ಬೈಯಲಿ ಎಂದು ಕಾಯುತ್ತಿದ್ದೆ. ಬೈದಿದ್ದರೆ ಕಾಲು ಹಿಡಿಯಲೂ ಸಿದ್ಧಳಿದ್ದೆ.

ಅವರು ಲೇಬಲ್ಲಿನಿಂದ ಕಣ್ಣೆತ್ತದೆ ಕೇಳಿದರು: "ಹೊನ್ನಾಳಿ ಸಾವ್ಕಾರ್ರು ಮತ್ತೆ ಬರ್ತಾರಾ?"

"ತಿಂಗಳಿಗೊಂದ್ಸಲ ಬರ್ತೀನಿ ಅಂದಾರೆ."

"ಹಂಗಾರೆ ಹಿಂದಿನ್ ದಿನಾನೇ ಹೇಳ್ಬಿಡ್ರಿ ಅಮ್ಮಾರೆ, ಅವತ್ತು ನಾನು ಬರಾದೇ ಇಲ್ಲ. ಹಿಟ್ಟು ಕಲಸಿದ್ ಮ್ಯಾಲೆ ಎಬ್ಬಿಸಬ್ಯಾಡ್ರಿ. ಎಲ್ಲರ ಎದುರಿಗೆ ಕೈ ತೊಳ್ಕಳಾಕೆ ನಾಚ್ಕೆ ಆಗ್ತೈತೆ."

ಇನ್ನೆಂದೂ ಎಬ್ಬಿಸುವುದಿಲ್ಲ ಎಂದು ನಾನು ಹೇಳಬೇಕಿತ್ತು. ಬಾಯಿ ತೆರೆದೆ. ಮುಂದಿನ ತಿಂಗಳು ಮಹೇಶ್ವರಪ್ಪ ಬಂದು, ಸಿದ್ದಲಿಂಗಮ್ಮನ ಪಕ್ಕದಲ್ಲೇ ಓಬವ್ವ ತಟ್ಟುವ ರೊಟ್ಟಿ ನೋಡಿ ಗುರುತು ಹಿಡಿಯುವುದು ಕಣ್ಮುಂದೆ ಬಂತು. "ಆತು, ಹೇಳ್ತೀನಿ" ಎಂದೆ.