ಉಂಗುರ ಬೆರಳಿನ ಗುಟ್ಟು

ಅತ್ತಿಗೆ ನಾದಿನಿ ಇಬ್ಬರೂ ಸೇರಿ ನಡೆಸುವ ಹೊಲಿಗೆ ಅಂಗಡಿಯಲ್ಲಿ ಕತ್ತರಿ ಅತ್ತಿಗೆಯದು, ಮಿಷನ್ನು ನಾದಿನಿಯದು. ಬಟ್ಟೆ ಹರವಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಒಂದೇ ಉಸಿರಿಗೆ ಕತ್ತರಿಸಿ ಎತ್ತಿಡುವ ಕೈ ಅತ್ತಿಗೆಯದು. ಆ ಮೇಜಿನ ಹತ್ತಿರ ಇನ್ನೊಬ್ಬರು ಸುಳಿಯುವ ಹಾಗಿರಲಿಲ್ಲ.

ಅಂಥ ಕೈಯ ಉಂಗುರ ಬೆರಳು ಹಟ ಹಿಡಿಯಿತು. ಮಡಚಿದರೆ ಮಡಚಿದಲ್ಲೇ ಸಿಕ್ಕಿಕೊಳ್ಳುವುದು, ಎಡಗೈಯಿಂದ ಎಳೆದರೆ ಟಕ್ಕೆಂದು ಬಿಚ್ಚುವುದು. ಕತ್ತರಿ ಕೈತಪ್ಪಿದರೆ ಅಂಗಡಿಯಲ್ಲಿ ತನ್ನನ್ನು ಕೇಳುವವರು ಯಾರು ಎಂದು ಅತ್ತಿಗೆಗೆ ಒಳಗೊಳಗೇ ಭಯ. ಆದರೆ ಸೋಲೊಪ್ಪುವ ಹೆಂಗಸಲ್ಲ. ಯಾರಿಗೂ ಬಾಯಿಬಿಡದೆ, ಆ ಬೆರಳೊಂದನ್ನು ಕತ್ತರಿಯ ಹಿಡಿಯಿಂದ ಹೊರಗೆ ನೆಟ್ಟಗೆ ನಿಲ್ಲಿಸಿಕೊಂಡು, ತಿರುವು ಬಂದಲ್ಲಿ ಕೈಯ ಬದಲು ಬಟ್ಟೆಯನ್ನೇ ತಿರುಗಿಸುತ್ತಾ ತಿಂಗಳುಗಟ್ಟಲೆ ದಬ್ಬಿದಳು. ಒಂದು ಬೆಳಿಗ್ಗೆ ಎಷ್ಟು ಎಳೆದರೂ ಬೆರಳು ಬಿಚ್ಚಲಿಲ್ಲ. ಆಗ ಡಾಕ್ಟರ ಹತ್ತಿರ ಹೋಗಲೇಬೇಕಾಯಿತು.

ಬೆರಳನ್ನು ಎಳೆಯುವ ಹುರಿಯಂಥ ಸ್ನಾಯು ಊದಿಕೊಂಡು, ಅದರ ಮೇಲಿನ ಪಟ್ಟಿಯೊಳಗೆ ಓಡಾಡಲಾಗದೆ ಸಿಕ್ಕಿಬೀಳುತ್ತಿದೆ ಎಂದರು ಡಾಕ್ಟರು. ಪಾಯಿಜಾಮದ ಲಾಡಿಯ ಗಂಟು ಪಟ್ಟಿಯೊಳಗೆ ಸಿಕ್ಕಿಕೊಂಡ ಹಾಗೆ ಎಂದು ಅತ್ತಿಗೆಗೆ ತಟ್ಟನೆ ಅರ್ಥವಾಯಿತು. ಅಂಗೈಯನ್ನಷ್ಟೇ ಮರಗಟ್ಟಿಸಿ, ಚರ್ಮ ಕೊಯ್ಯದೆ, ಸೂಜಿಯೊಂದನ್ನು ಒಳಗೆ ತೂರಿಸಿ ಡಾಕ್ಟರು ಅದರ ಮೊನೆಯಿಂದಲೇ ಆ ಪಟ್ಟಿಯನ್ನು ಸೀಳಿ ಸಡಿಲಿಸಿದರು. ಮಡಚಿ ಅಂದಾಗ ಮಡಚಿದಳು, ಬಿಡಿ ಅಂದಾಗ ಬಿಟ್ಟಳು. ಬೆರಳು ಎಲ್ಲೂ ತಡೆಯದೆ ಸಲೀಸಾಗಿ ಬಿಚ್ಚಿತು. ಗಾಯಕ್ಕೆ ಹೊಲಿಗೆಯೇ ಬೇಡ ಎಂದಾಗ ಮಾತ್ರ ಅವಳಿಗೆ ಕೆಲಸ ಅರ್ಧಕ್ಕೇ ನಿಲ್ಲಿಸಿದಂತೆ ಅನ್ನಿಸಿತು.

ಕೆಲವು ದಿನ ಕತ್ತರಿ ಮುಟ್ಟುವಂತಿಲ್ಲವೆಂದಿದ್ದರು. ಮೇಜಿನ ಮೇಲೆ ಕೋಟಿನ ಬಟ್ಟೆ ಕಾದಿತ್ತು. ಎದೆ ಗಟ್ಟಿಮಾಡಿಕೊಂಡು ನಾದಿನಿಯ ಕೈಗೆ ಕತ್ತರಿ ಕೊಟ್ಟಳು. ನಾದಿನಿ ಭಯಭಕ್ತಿಯಿಂದ ಉಂಗುರ ಬೆರಳನ್ನು ಹೊರಗೆ ನೆಟ್ಟಗೆ ಚಾಚಿ, ಬಟ್ಟೆಯನ್ನು ಗರಗರ ತಿರುಗಿಸತೊಡಗಿದಳು.

"ಆ ಬೆರಳು ಯಾಕೆ ಹಾಗಿಟ್ಕೊಂಡಿದೀಯ?"

"ನೀವು ಹಾಗೇ ಅಲ್ವಾ ಅತ್ತಿಗೆ ಹಿಡಿಯೋದು? ಮಿಷನ್ ತುಳೀತಾ ನೋಡಿ ನೋಡಿ ಕಲ್ತೆ. ನಿಮ್ಮ ಕೈಯ ಗುಟ್ಟು ಇದೇ ಅಂದ್ಕೊಂಡಿದ್ದೆ."

ಅತ್ತಿಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನಗು ನಿಂತರೂ ನೀರು ನಿಲ್ಲಲಿಲ್ಲ. ತನ್ನ ಜಾಗ ಕಿತ್ತುಕೊಂಡಾಳೆಂದು ಹೆದರಿದ್ದು ಇವಳಿಗೆ. ಇವಳೋ, ಅತ್ತಿಗೆಯ ನೋವನ್ನೂ ವಿದ್ಯೆಯೆಂದು ಕಲಿತಿದ್ದಳು.

"ಅದು ಗುಟ್ಟಲ್ಲ ಕಣೇ, ನೋವು. ನಿನ್ನ ಬೆರಳಿಗೇನಾಗಿದೆ? ಒಳಗೆ ಹಾಕು."

ಪಟ್ಟಿ ಕಟ್ಟಿದ್ದ ಕೈಯಿಂದಲೇ ನಾದಿನಿಯ ಬೆರಳನ್ನು ಕತ್ತರಿಯ ಹಿಡಿಯೊಳಗೆ ಸೇರಿಸಿದಳು. ಈ ಸಲ ಬಟ್ಟೆ ಅಲ್ಲಾಡಲಿಲ್ಲ, ಕತ್ತರಿ ತಿರುಗಿತು.