ಆರು ಹಲಗೆ, ಹನ್ನೊಂದು ಅಕ್ಷರ

ಇಂಡಿ ಊರಿನ ಬಜಾರದಲ್ಲಿ ಹಜರಾಬಿಯ ಬಳೆ ಅಂಗಡಿಗೆ ಬಾಗಿಲೆಂದರೆ ಆರು ಉದ್ದನೆಯ ಹಲಗೆಗಳು. ಬೆಳಿಗ್ಗೆ ಕಳಚಿ ಗೋಡೆಗೆ ಒರಗಿಸಬೇಕು, ಸಂಜೆ ಮತ್ತೆ ಸಾಲಾಗಿ ಕೂಡಿಸಬೇಕು. ನೋಡಲು ಎಲ್ಲವೂ ಒಂದೇ ಅಗಲ. ಆದರೆ ಬಡಿಗ ಅಂಚುಗಳನ್ನು ಒಂದಕ್ಕೊಂದು ಹೊಂದಿಸಿ ಕೊರೆದಿದ್ದ; ಒಂದು ಹಿಂದುಮುಂದಾದರೂ ಸಂದು ಬಿಟ್ಟು ಕಬ್ಬಿಣದ ಅಡ್ಡಪಟ್ಟಿ ಕೂರುತ್ತಿರಲಿಲ್ಲ. ಆ ಕ್ರಮ ಅವಳ ಗಂಡನಿಗೆ ಗೊತ್ತಿತ್ತು. 1957ರ ಬೇಸಿಗೆಯಲ್ಲಿ ಅವನು ತೀರಿಕೊಂಡ ಮೇಲೆ ಮೈದುನ ಅಬ್ದುಲರಜಾಕ ದಿನಾ ಬಂದು ಹಾಕಿಕೊಡುತ್ತಿದ್ದ. ಹಲಗೆಯ ಜೊತೆಗೆ ಮಾತನ್ನೂ ಹಾಕುತ್ತಿದ್ದ.

“ಬಾಗಲಾ ಹಾಕಾಕ ಬರದವರಿಗೆ ಅಂಗಡಿ ಯಾಕ ಭಾಬಿ? ನನಗ ಬಿಡ್ರಿ, ನೀವು ಮನ್ಯಾಗ ಆರಾಮ ಇರ್ರಿ.”

“ಶುಕ್ರವಾರ ಸಂಜಿಕ ಬಾ, ನಾನ ಹಾಕಿ ತೋರಸ್ತೇನಿ. ತಪ್ಪಿದ್ರ ಕೀಲಿ ನಿನ್ನ ಕೈಯಾಗ,” ಎಂದಳು ಹಜರಾಬಿ.

ಮರುದಿನ ಬೋರ್ಡು ಬರೆಯುವ ಮಾನಪ್ಪನನ್ನು ಕರೆಸಿ, ಹಲಗೆಗಳಿಗೆ ಒಂದರಿಂದ ಆರರವರೆಗೆ ಗೆರೆ ಎಳೆಯಲು ಹೇಳಿದಳು.

“ಬರೇ ಗೆರಿ ಯಾಕ ಅಕ್ಕಾರ? ಅಂಗಡಿ ಹೆಸರನ್ನ ಹಲಿಗಿಗೆ ಎರಡೆರಡು ಅಕ್ಷರ ಬರೀತೇನಿ. ಓದಿಕೋತ ಹಚ್ಚಿದ್ರ ಆತು.”

“ನನಗೆಲ್ಲಿ ಓದಾಕ ಬರತೈತೋ?”

“ಹನ್ನೊಂದ ಅಕ್ಷರ. ಶುಕ್ರವಾರಕ ಇನ್ನಾ ನಾಕ ದಿನ ಐತಿ.”

ಹಜರಾಬಿ ಬಳೆ ಅಂಗಡಿ ಇಂಡಿ. ಹಲಗೆಗಳ ಮೇಲೆ ಅದು ಹೀಗೆ ಹಂಚಿಹೋಯಿತು: ಹಜ, ರಾಬಿ, ಬಳೆ, ಅಂಗ, ಡಿಇಂ. ಆರನೆಯದಕ್ಕೆ ಉಳಿದದ್ದು ಒಂದೇ ‘ಡಿ’. ಅರ್ಧ ಹಲಗೆ ಬೋಳಾಗಿ ಕಂಡದ್ದರಿಂದ ಮಾನಪ್ಪ ಅಲ್ಲೊಂದು ಕೆಂಪು ಬಳೆ ಬರೆದ.

ಮೊದಲ ನಾಲ್ಕು ಹಲಗೆಗಳನ್ನು ಹಜರಾಬಿ ಎರಡೇ ದಿನದಲ್ಲಿ ಕಲಿತಳು. ಐದು ಮತ್ತು ಆರು ಮಾತ್ರ ಕೈಗೆ ಹತ್ತಲಿಲ್ಲ. ಎರಡೂ ‘ಡಿ’ಯಿಂದಲೇ ಶುರುವಾಗುತ್ತಿದ್ದವು.

ಶುಕ್ರವಾರ ಅಬ್ದುಲರಜಾಕ ಬಂದವನೇ ಹಲಗೆಗಳನ್ನು ಅದಲುಬದಲು ಮಾಡಿಟ್ಟು ಕಟ್ಟೆಯ ಮೇಲೆ ಕೂತ. ಹಜರಾಬಿ ಹಜ ಎಂದಳು, ರಾಬಿ ಎಂದಳು; ನಾಲ್ಕು ಹಲಗೆ ಸರಿಯಾಗಿ ಕೂತವು. ಐದನೆಯದೆಂದು ಉಳಿದೆರಡರಲ್ಲಿ ಒಂದನ್ನು ಎತ್ತಿದಳು. ಡಿ. ಕೈ ನಿಂತಿತು.

“ಏನ್ ಭಾಬಿ, ಅಕ್ಷರ ಸವದ್ವೇನು?”

ಅವಳು ‘ಡಿ’ಯ ಪಕ್ಕಕ್ಕೆ ನೋಡಿದಳು. ಬಳೆ ಇತ್ತು. ಅಕ್ಷರ ಸವೆದು ಮುಗಿದ ಕಡೆ ತಾನೇ ಮಾನಪ್ಪ ಬಳೆ ಬರೆದದ್ದು? ಆ ಹಲಗೆಯನ್ನು ಕೆಳಗಿಟ್ಟು ಇನ್ನೊಂದನ್ನು ಕೂಡಿಸಿದಳು, ಬಳೆಯದನ್ನು ಕೊನೆಗೆ. ಅಡ್ಡಪಟ್ಟಿ ಸಲೀಸಾಗಿ ಕೂತಿತು.

ಅಬ್ದುಲರಜಾಕ ಸಾಲನ್ನು ಎರಡು ಸಲ ಓದಿದ. ತಪ್ಪು ಸಿಕ್ಕಿತು.

“ಇಂಡಿಂ! ಬಳಿ ಅಲ್ಲರಿ ಇದು, ಸೊನ್ನಿ ಆಗೇತಿ. ಊರ ಹೆಸರ ಕೆಡಿಸ್ಯಾನ ಮಾನ್ಯಾ!”

ಮರುದಿನ ಬಜಾರವೆಲ್ಲ ‘ಇಂಡಿಂ’ ಎಂದು ನಕ್ಕಿತು. ನಾಚಿದ ಮಾನಪ್ಪ ಬಳೆ ಅಳಿಸಲು ಬಣ್ಣದ ಡಬ್ಬಿ ಹಿಡಿದು ಬಂದ.

“ಮುಟ್ಟಬ್ಯಾಡ,” ಎಂದಳು ಹಜರಾಬಿ. “ನಗವರು ನಗಲಿ. ಎಲ್ಲಿಗೆ ಮುಗೀತು ಅಂತ ನನಗ ಹೇಳೂದು ಅದೊಂದ.”

ಕೀಲಿ ಅವಳ ಸೆರಗಿನಲ್ಲೇ ಇತ್ತು.