ಎಡಗೊಳವೆಯ ಮಂಜು

ನಾಲ್ಕನೆಯ ದುರ್ಬೀನನ್ನೂ ಹದ್ದಕ್ಕ ಮೇಜಿನ ಅಂಚಿಗೆ ಸರಿಸಿದಳು.

"ಇದಕ್ಕೂ ಅದೇ ಕಾಯಿಲೆ. ಎಡಗಡೆ ಕೊಳವೇಲಿ ಮಂಜು."

ಎದುರಿಗೆ ನಿಂತಿದ್ದ ರಕ್ಷಣಾ ದೋಣಿಯ ಕ್ಯಾಪ್ಟನ್ನನ ಮುಖ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಬಿರುಗಾಳಿಯ ಕಾಲ ಹೊಸ್ತಿಲಿಗೆ ಬಂದಿತ್ತು. ದೋಣಿಯ ಹಳೆಯ ದುರ್ಬೀನುಗಳಲ್ಲಿ ಮುಳುಗುವ ಮನುಷ್ಯನೂ ತೇಲುವ ಪೀಪಾಯಿಯೂ ಒಂದೇ ಥರ ಕಾಣುತ್ತಿದ್ದವು. ಕಳೆದ ಸಲ ಇಡೀ ಸಿಬ್ಬಂದಿ ಪ್ರಾಣ ಒತ್ತೆಯಿಟ್ಟು ಒಂದು ಖಾಲಿ ಪೀಪಾಯಿಯನ್ನು ಕಾಪಾಡಿ ತಂದಿತ್ತು. ಅದಕ್ಕೇ ಹೊಸವನ್ನು ತರಿಸಿ, ಪರೀಕ್ಷೆಗೆಂದು ಹದ್ದಕ್ಕನ ಅಂಗಡಿಗೆ ತಂದಿದ್ದರು. ಹದ್ದಕ್ಕ ಬೇಡವೆಂದರೆ ಅವು ಸಂಜೆಯ ಲಾರಿಯಲ್ಲಿ ವಾಪಸ್ಸು. ಬೇರೆಯವು ಬರುವಷ್ಟರಲ್ಲಿ ಬಿರುಗಾಳಿ ಬಂದು, ಉಂಡು, ಕೈತೊಳೆದು ಹೋಗಿರುತ್ತಿತ್ತು. ತನಗೇನೋ ಚೆನ್ನಾಗಿಯೇ ಕಂಡವಲ್ಲ ಎಂದು ಅವನು ಮೆಲ್ಲಗೆ ಗೊಣಗಿದ.

"ನಿಮಗೆ ಕಂಡಿದ್ದೇ ಸಾಕಾಗಿದ್ರೆ ನನ್ನ ಹತ್ರ ಯಾಕಪ್ಪಾ ಬಂದ್ರಿ?"

ಆ ಮಾತಿಗೆ ಎದುರಾಡುವವರು ಆ ಬಂದರಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ಹದ್ದಕ್ಕನ ಕಣ್ಣೆಂದರೆ ಸಾಮಾನ್ಯವೆ? ಅಂಗಡಿಯ ಕಿಟಕಿಯಿಂದ ಕಾಣುವ ಕಾರ್ಖಾನೆಯ ಚಿಮಣಿಯ ಒಂದೊಂದು ಇಟ್ಟಿಗೆಯೂ ಅವಳಿಗೆ ಪರಿಚಯ. ಯಾವುದರ ಮೂಲೆ ಮುಕ್ಕಾಗಿದೆ, ಯಾವುದು ಸ್ವಲ್ಪ ಮುಂಗೋಪಿ ಎಂಬುದೆಲ್ಲ ಗೊತ್ತು. ದುರ್ಬೀನಿನ ಅಂಚಿನಲ್ಲಿ ಆ ಚಿಮಣಿ ಕೂದಲೆಳೆಯಷ್ಟು ಬಾಗಿದರೂ, ಪಕ್ಕದ ಕರೀ ತಂತಿಗೆ ನೇರಳೆ ಬಣ್ಣದ ನೂಲು ಅಂಟಿದಂತೆ ಕಂಡರೂ ಅವಳು ಗಾಜಿನ ದೋಷವನ್ನು ಹಿಡಿದೇಬಿಡುತ್ತಿದ್ದಳು. ಅವಳು ದಿಟ್ಟಿಸಿದರೆ ಚಂದ್ರ ತನ್ನ ಮುಖದ ಕುಳಿಗಳನ್ನು ಮೋಡದ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾನೆಂದು ಊರು ಹೇಳುತ್ತಿತ್ತು. ಊರಿಗೆ ಹೇಳಿಕೊಟ್ಟವಳು ಅವಳೇ. ಕಿಟಕಿಯ ಪಕ್ಕದ ಎತ್ತರದ ಸ್ಟೂಲು ಅವಳ ಸಿಂಹಾಸನ. ಅದರ ಮೇಲೆ ಮನುಷ್ಯರಿರಲಿ, ಅಂಗಡಿಯ ಬೆಕ್ಕು ಕೂಡ ಕೂರುತ್ತಿರಲಿಲ್ಲ.

ಒಳಗಿನ ಮೇಜಿನಲ್ಲಿ ಅವಳ ತಮ್ಮ ಮೊದಲನೆಯ ದುರ್ಬೀನನ್ನು ಬಿಚ್ಚಿಕೊಂಡು ಕೂತಿದ್ದ. ಬಿಚ್ಚುವುದು, ಒರೆಸುವುದು, ಜೋಡಿಸುವುದು ಅವನ ಪಾಲು. ನೋಡಿ ತೀರ್ಪು ಹೇಳುವುದು ಅಕ್ಕನ ಪಾಲು. ಅವನು ಎಡಗಡೆಯ ಗಾಜುಗಳನ್ನು ದೀಪಕ್ಕೆ ಹಿಡಿದ, ತಿರುಗಿಸಿ ಹಿಡಿದ, ಕೊನೆಗೆ ಎದ್ದು ಬಂದು ಅಕ್ಕನ ಪಕ್ಕ ನಿಂತ.

"ಅಕ್ಕಾ, ಒಳಗೇನೂ ಇಲ್ಲ. ಗಾಜು ತೊಳೆದಿಟ್ಟ ಹಾಗಿದೆ."

"ಹಾಗಾದ್ರೆ ನೀನು ಸರಿಯಾಗಿ ನೋಡಿಲ್ಲ."

"ಸರಿಯಾಗೇ ನೋಡಿದೀನಿ. ನೀನು ಮಗುಚಿ ನೋಡಿದ್ಯಾ?"

ಗೋಡೆಯ ಗಡಿಯಾರವೂ ಉಸಿರು ಬಿಗಿಹಿಡಿಯಿತು. ಮಗುಚಿ ನೋಡುವುದು ಹದ್ದಕ್ಕನೇ ಊರಿಗೆ ಕಲಿಸಿದ ವಿದ್ಯೆ. ದುರ್ಬೀನು ಮಂಜಾಗಿದೆ ಎಂದು ಜಗಳಕ್ಕೆ ಬರುವ ಮುದುಕರಿಗೆ ಅವಳು ಹೇಳುತ್ತಿದ್ದುದು ಒಂದೇ: ಮೇಲುಕೆಳಗು ಮಾಡಿ ಹಿಡಿಯಿರಿ, ಎಡಗಡೆಯ ಕೊಳವೆ ಬಲಗಣ್ಣಿಗೆ ಬರಲಿ. ಮಂಜೂ ಜೊತೆಯಲ್ಲೇ ಬಲಕ್ಕೆ ಬಂದರೆ ತಪ್ಪು ಗಾಜಿನದು. ಎಡಗಣ್ಣಿನಲ್ಲೇ ಉಳಿದರೆ, ರಾಯರೇ, ಕಣ್ಣಾಸ್ಪತ್ರೆ ಆ ತಿರುವಿನಲ್ಲಿದೆ. ಹೀಗೆ ಅವಳು ಅರ್ಧ ಊರನ್ನೇ ಆಸ್ಪತ್ರೆಗೆ ಅಟ್ಟಿದ್ದಳು. ಅಲ್ಲಿನ ಡಾಕ್ಟರು ಅವಳನ್ನು ಕಂಡರೆ ಬೀದಿಯ ಆಚೆಯಿಂದಲೇ ಕೈಮುಗಿಯುತ್ತಿದ್ದರು.

ಇವತ್ತು ಅದು ಅವಳಿಗೆ ಮರೆತಿತ್ತೆಂದಲ್ಲ. ಮೊದಲ ದುರ್ಬೀನಿನಲ್ಲೇ ನೆನಪಾಗಿತ್ತು. ಇತ್ತೀಚೆಗೆ ಬೀದಿದೀಪಗಳೆಲ್ಲ ಎಡಗಣ್ಣಿಗೆ ಮಾತ್ರ ಹತ್ತಿಯಂತೆ ಹಿಂಜಿಕೊಳ್ಳುತ್ತಿದ್ದುದೂ ಗೊತ್ತಿತ್ತು. ಕಣ್ಣಿಗೆ ಸೋಪಿನ ನೊರೆ ಹೋಗಿರಬೇಕೆಂದು ತನಗೆ ತಾನೇ ಹೇಳಿಕೊಂಡಿದ್ದಳು. ಊರನ್ನೆಲ್ಲ ನಂಬಿಸಿ ಪಳಗಿದ ಬಾಯಿ, ತನ್ನನ್ನು ನಂಬಿಸುವಲ್ಲಿ ಮಾತ್ರ ಸೋತಿತ್ತು. ಕಣ್ಣು ಹೋದ ಹದ್ದನ್ನು ಜನ ಏನೆನ್ನುತ್ತಾರೆ? ಕೋಳಿ ಎನ್ನುತ್ತಾರೆ.

ಐದನೆಯದನ್ನು ಎತ್ತಿಕೊಂಡು ಚಿಮಣಿ ನೋಡಿದಳು. ಮಂಜು ಎಡಕ್ಕಿತ್ತು. ಕೈ ಕೊಂಚ ತಡೆಯಿತು. ಆಮೇಲೆ ಮಗುಚಿದಳು.

ಮಂಜು ಎಡಕ್ಕೇ ಇತ್ತು.

ಕ್ಯಾಪ್ಟನ್ನನಿಗೆ ಇದೊಂದೂ ತಿಳಿಯದು. ಬೇಡವೆಂದು ಒಂದು ಮಾತು ಹೇಳಿದ್ದರೆ ಸಾಕು, ಪೆಟ್ಟಿಗೆ ಕಟ್ಟಿಕೊಂಡು ಹೊರಟುಬಿಡುತ್ತಿದ್ದ. ಹದ್ದು ಹದ್ದಾಗಿಯೇ ಉಳಿಯುತ್ತಿತ್ತು. ಆದರೆ ಅವಳ ಕಣ್ಣೆದುರು ಆ ದರಿದ್ರ ಪೀಪಾಯಿ ತೇಲಿಕೊಂಡು ಹೋಯಿತು. ಅದರ ಹಿಂದೆ, ಇನ್ನೂ ದೂರದಲ್ಲಿ, ಯಾರದೋ ಕೈ.

"ಕ್ಯಾಪ್ಟನ್ನರೇ, ನಿಮ್ಮ ಪೆಟ್ಟಿಗೇಲಿ ಮಂಜಿಲ್ಲ. ಮಂಜಿರೋದು ಇಲ್ಲಿ." ಅವಳು ಎಡಗಣ್ಣಿನ ಕೆಳಗೆ ಬೆರಳಿಟ್ಟಳು. "ಪೊರೆ. ಎಂಥಾ ಪೊರೆ ಅಂತೀರಿ, ಈ ಕರಾವಳೀಲೇ ಇಂಥದ್ದು ಯಾರಿಗೂ ಬಂದಿರೋಲ್ಲ."

ಹೇಳಿ ಸ್ಟೂಲಿನಿಂದ ಇಳಿದಳು. ಒಂದೊಂದೇ ಕೊಳವೆಯನ್ನು ನೋಡಲು ಬಲಗಣ್ಣೊಂದೇ ಸಾಕು, ಎರಡೂ ಹೊಂದಿಕೊಂಡಿವೆಯೇ ಎಂದು ಹೇಳಲು ಎರಡು ಒಳ್ಳೆಯ ಕಣ್ಣು ಬೇಕು ಎಂದು ವಿವರಿಸಿ, ತಮ್ಮನಿಗೆ ಸ್ಟೂಲು ತೋರಿಸಿದಳು. ಅವನು ಬಿಸಿ ಕಾವಲಿಯ ಮೇಲೆ ಕೂರುವವನ ಹಾಗೆ ಕೂತ. ಅವಳು ಕೇಳುತ್ತ ಹೋದಳು, ಅವನು ಹೇಳುತ್ತ ಹೋದ. ಚಿಮಣಿ ನೆಟ್ಟಗಿತ್ತು. ತಂತಿಗೆ ಬಣ್ಣ ಅಂಟಿರಲಿಲ್ಲ. ಕೊನೆಯದನ್ನು ಕಣ್ಣಿಗೆ ಹಿಡಿದವನು ಮಾತ್ರ ಅದನ್ನು ಇಳಿಸಿ, ಹಣೆ ಉಜ್ಜಿಕೊಂಡು, ಮತ್ತೆ ಹಿಡಿದ.

"ಚೆನ್ನಾಗೇ ಕಾಣುತ್ತೆ. ಆದ್ರೆ ಹಣೆ ಒಳಗಿಂದ ಯಾರೋ ದಾರ ಎಳೆದ ಹಾಗಾಗ್ತಿದೆ."

ಹದ್ದಕ್ಕನ ಮುಖ ಅರಳಿತು. ಎರಡು ಕೊಳವೆಗಳೂ ಮುನಿಸಿಕೊಂಡ ಗಂಡಹೆಂಡಿರ ಹಾಗೆ ಬೇರೆ ಬೇರೆ ಕಡೆ ನೋಡುತ್ತಿವೆ, ದೋಣಿಯಲ್ಲಿ ಇದನ್ನು ಹಿಡಿದವನು ತಲೆನೋವಿಗೆ ತಾನೇ ಸಮುದ್ರಕ್ಕೆ ಹಾರಿಯಾನು ಎಂದು ಕ್ಯಾಪ್ಟನ್ನನಿಗೆ ಹೇಳಿದಳು. ಆಮೇಲೆ ತಮ್ಮನ ಕಡೆ ತಿರುಗಿದಳು.

"ಇದನ್ನ ಯಾರೋ ಕಲಿಸಿದ್ದು ನಿನಗೆ?"

"ದಿನಾ ಕೂಗ್ತಿರ್ತೀಯಲ್ಲ. ನನಗೂ ಕಿವಿ ಇದೆ."

ಅದೊಂದು ರಿಪೇರಿಗೆ ಅಂಗಡಿಯಲ್ಲೇ ಉಳಿಯಿತು. ಬಿಚ್ಚಿದ್ದನ್ನು ತಮ್ಮನಿಂದ ಜೋಡಿಸಿಕೊಂಡು, ಉಳಿದವನ್ನೆಲ್ಲ ಎದೆಗವಚಿಕೊಂಡು ಕ್ಯಾಪ್ಟನ್ ದೋಣಿಯತ್ತ ಹೊರಟ. ಅಕ್ಕತಮ್ಮ ಅಂಗಡಿಗೆ ಬೀಗ ಹಾಕಿ ತಿರುವಿನ ಆಸ್ಪತ್ರೆಗೆ ನಡೆದರು. ಕಣ್ಣಿನೊಳಗಿನ ಮಬ್ಬಾದ ಮಸೂರ ತೆಗೆದು ಹೊಸದು ಕೂರಿಸುತ್ತೇವೆ, ಹೆದರಬೇಡಿ ಎಂದರು ಡಾಕ್ಟರು. ಹೆದರಿಕೆ ಯಾರಿಗೆ, ಆ ಮಸೂರದ ಅಂಚಿನಲ್ಲಿ ನೇರಳೆ ಬರುತ್ತದೋ ಇಲ್ಲವೋ ಅದನ್ನು ಮೊದಲು ಹೇಳಿ ಎಂದು ಹದ್ದಕ್ಕ ಜಗಳಕ್ಕೆ ನಿಂತಳು. ಅವಳ ಕೈ ಮಾತ್ರ ತಮ್ಮನ ತೋಳನ್ನು ಬಿಟ್ಟಿರಲಿಲ್ಲ.

ಆಪರೇಷನ್ ಮುಗಿದು ಕಣ್ಣಿನ ಪಟ್ಟಿ ಬಿಚ್ಚಿದ ಮರುದಿನ ಅವಳು ಅಂಗಡಿಗೆ ಬಂದಾಗ ಎತ್ತರದ ಸ್ಟೂಲಿನ ಮೇಲೆ ಬೆಕ್ಕು ಮಲಗಿತ್ತು. ಅವಳು ಅದನ್ನು ಎಬ್ಬಿಸಲಿಲ್ಲ. ಒಳಗಿನಿಂದ ತಮ್ಮನ ಗಿಡ್ಡ ಸ್ಟೂಲನ್ನು ಎಳೆದು ತಂದು ಕಿಟಕಿಯ ಬಳಿ ಕೂತಳು. ದುರ್ಬೀನು ಮೇಜಿನ ಮೇಲೆಯೇ ಇತ್ತು. ಬರಿಗಣ್ಣಿಗೇ ಕಂಡಿತು: ದೂರದ ಚಿಮಣಿಯ ಏಣಿಯ ಮೇಲೆ ಯಾವುದೋ ಹಕ್ಕಿ ಒಂದು ಕಡ್ಡಿ ತಂದಿಟ್ಟು, ಸ್ವಲ್ಪ ಸರಿಮಾಡಿ, ಇನ್ನೊಂದನ್ನು ತರಲು ಹಾರಿಹೋಯಿತು.